ಗಂಜಿ ಹಚ್ಚಿದ ಲಕೋಟೆ

“ಅಕ್ಕಾರ, ಇಲ್ಲಿ ಯಾವುದಕ್ಕ ಒತ್ತಲಿ?”

ಪ್ರೇಮಕುಮಾರನ ಬೆರಳು ಮೌಸ್ ಮೇಲೆ ನಿಂತಿತ್ತು. ಪರದೆಯ ಮೇಲೆ ಐದು ಚೌಕಗಳಿದ್ದವು: ಅವಿವಾಹಿತೆ, ವಿವಾಹಿತೆ, ಬೇರೆ ವಾಸ, ವಿಚ್ಛೇದಿತೆ, ವಿಧವೆ. ಬನಹಟ್ಟಿಯ ಆ ಆನ್‌ಲೈನ್ ಅಂಗಡಿಯಲ್ಲಿ ರೇಷನ್ ಕಾರ್ಡು, ಪಹಣಿ ಎಲ್ಲ ಆಗುತ್ತಿದ್ದವು. ಐರ್ಲೆಂಡಿಗೆ ಹೋಗುವವರ ಅರ್ಜಿ ಮಾತ್ರ ಇದೇ ಮೊದಲು.

“ವಿಚ್ಛೇದಿತೆ,” ಎಂದಳು ಉಜ್ವಲಾ.

“ಗಂಡನ ಈಗಿನ ವಿಳಾಸ ಕೇಳಾಕತ್ತೈತಿ.”

“ಅಂವ ಸತ್ತು ಎರಡು ವರ್ಷ ಆತು.”

ಪ್ರೇಮಕುಮಾರನ ಬೆರಳು ತಾನಾಗಿಯೇ ಕೊನೆಯ ಚೌಕಕ್ಕೆ ಸರಿಯಿತು. “ಹಂಗಾದ್ರ ಇದಕ್ಕ...”

“ನಾ ಅವನ್ನ ಬಿಟ್ಟು ಒಂಬತ್ತು ವರ್ಷ ಆತು. ಬಿಟ್ಟಂವ ಸತ್ರ ನಾ ಹೆಂಗ ವಿಧವೆ ಆಗ್ತೇನಿ, ತಮ್ಮಾ?”

ಮಾತು ಸರಿಯಾಗಿಯೇ ಇತ್ತು. ಅವನು ಬೆರಳು ಹಿಂದೆ ತಂದ. “ಆತ್ರಿ. ಆದ್ರ ಬಿಟ್ಟಿದ್ದಕ್ಕ ಕಾಗದ ಹಚ್ಚಬೇಕು. ನಾಳೆ ಸಂಜಿಗೆ ಅರ್ಜಿ ಮುಗೀತೈತಿ. ಕೋರ್ಟಿಂದು ಐತೇನ್ರಿ?”

ಕೋರ್ಟಿನದು ಎಲ್ಲಿಂದ ಬರಬೇಕು? ಇವರ ಮಂದಿಯಲ್ಲಿ ಗಂಡಹೆಂಡತಿ ಬಿಡುವುದೆಂದರೆ ಹಿರಿಯರ ಮುಂದೆ ಕೂತು ಸೋಡಚೀಟಿ ಬರೆಯುವುದು, ಅಷ್ಟೇ. ಕೋರ್ಟಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ನೌಕರಿ ಕೊಡಿಸಿದ ಬೆಂಗಳೂರಿನ ಏಜೆಂಟನಿಗೆ ಫೋನ್ ಮಾಡಿದರೆ, ಹಿರಿಯರ ಕಾಗದವಾದರೂ ಸರಿ, ವಕೀಲರ ಪ್ರಮಾಣಪತ್ರದ ಜೊತೆ ಹಾಕಿ ನೋಡೋಣ ಎಂದ. ಆ ಕಾಗದ ಅದನ್ನು ಬರೆಸಿದ ಹಿರಿಯ, ಚಿಮ್ಮಡದ ಅಮಸಿದ್ದಪ್ಪನ ಮನೆಯಲ್ಲಿತ್ತು. ಉಜ್ವಲಾ ಆಟೋ ಹತ್ತಿದಳು.

ಒಂಬತ್ತು ವರ್ಷದ ಹಿಂದೆ ಕೂಸಿಗೆ ಜ್ವರ ಬಂದಾಗ ಗಂಡ ಮಲಕಾಜಪ್ಪ ಮಗ್ಗದ ಮೇಲಿದ್ದ. “ಇನ್ನ ಎರಡು ಮೊಳ ಐತಿ. ಹಾಸು ಮುಗೀಲಿ, ದವಾಖಾನಿಗೆ ಹೋಗೂಣು,” ಎಂದಿದ್ದ. ಹಾಸು ಮುಗಿಯುವಷ್ಟರಲ್ಲಿ ಕೂಸು ಹೋಗಿತ್ತು. ಆಮೇಲೆ ಉಜ್ವಲಾ ಅವನ ಮುಖ ನೋಡಲಿಲ್ಲ. ತಾನೇ ಹಟ ಹಿಡಿದು ಸೋಡಚೀಟಿ ಬರೆಸಿದಳು. ಜಮಖಂಡಿಯಲ್ಲಿ ರೂಮು ಹಿಡಿದು ನರ್ಸಿಂಗ್ ಕಲಿತಳು. ಊರಿನವರ ಮಕ್ಕಳ ಜ್ವರವನ್ನೆಲ್ಲ ಇಳಿಸಿದಳು, ತನ್ನ ಸಿಟ್ಟೊಂದು ಇಳಿಯಲಿಲ್ಲ.

ಅವನ ತಾಯಿ ಯಲ್ಲಕ್ಕ ಮಾತ್ರ ಸಂಬಂಧ ಹರಿದದ್ದು ಗೊತ್ತೇ ಇಲ್ಲದವಳ ಹಾಗೆ ನಡೆದುಕೊಂಡಳು. ದೀಪಾವಳಿ ಬಂದರೆ ಸಾಕು, ಒಂದು ಕೈಮಗ್ಗದ ಸೀರೆ ಕಳುಹಿಸುತ್ತಿದ್ದಳು. ಮುದುಕಿಗೆ ಮರುಳು ಎಂದುಕೊಂಡು ಉಜ್ವಲಾ ಮಡಿಕೆ ಬಿಚ್ಚದೆ ಟ್ರಂಕಿಗೆ ಹಾಕುತ್ತಿದ್ದಳು. ಮಗ ಸತ್ತ ಮೇಲೆ ಸೀರೆ ಬರುವುದು ನಿಂತಿತು.

ಅವನು ಸತ್ತ ದಿನ ಅದೇ ಮುದುಕಿ ನೆರೆಮನೆಯ ಶೇವಂತಿಯ ಕೈಯಲ್ಲಿ ಒಂದು ಡಜನ್ ಹಸಿರು ಬಳೆ ಕಳುಹಿಸಿದ್ದಳು, ಇವನ್ನು ಹಾಕಿಕೊಂಡು ಮಣ್ಣಿಗೆ ಬಾ ಎಂದು.

“ಬಳಿ ಒಡಸ್ಕೊಳ್ಳಾಕ ನಾ ಅವಗ ಏನಾಗಬೇಕು?” ಎಂದು ಉಜ್ವಲಾ ಬಳೆಗಳನ್ನು ತಿರುಗಿ ಕಳಿಸಿದ್ದಳು. ಆ ದಿನ ಸಂಜೆಯ ತನಕ ಹೆಣ ಎತ್ತಿರಲಿಲ್ಲವಂತೆ. ಯಾಕೆಂದು ಅವಳು ಕೇಳಲಿಲ್ಲ.

ಅಮಸಿದ್ದಪ್ಪನಿಗೆ ಈಗ ಕಣ್ಣು ಮಂಜು. ಪೆಟ್ಟಿಗೆಯ ತಳವನ್ನೆಲ್ಲ ತಡಕಾಡಿದ. ಗೆದ್ದಲು ತಿಂದಿದ್ದರೆ ಏನು ಗತಿ ಎಂದು ಉಜ್ವಲಾ ಬಗ್ಗಿ ನೋಡಿದಳು. ಕೊನೆಗೆ ಒಂದು ಹಳದಿ ಲಕೋಟೆ ಹೊರಬಂತು.

“ಇಬ್ಬರಾಗ ಒಬ್ಬರು ಉಡಿಕಿ ಆಗೂತನಕ ಇದನ್ನ ತೆಗೆಯಂಗಿಲ್ಲ, ಯವ್ವಾ. ಅದು ನಮ್ಮ ಪದ್ಧತಿ,” ಎಂದ. ಉಡಿಕೆ ಎಂದರೆ ಎರಡನೆಯ ಸಂಬಂಧ. “ನೀನೂ ಆಗಲಿಲ್ಲ, ಅಂವನೂ ಆಗಲಿಲ್ಲ. ಹಂಗ ಉಳೀತು.”

“ಅಂವ ಹೋಗ್ಯಾನ, ಕಾಕಾ. ಇನ್ನ ಯಾರಿಗೆ ಅಡ್ಡಿ?”

ಮುದುಕ ಲಕೋಟೆಯ ಅಂಚನ್ನು ಬೆರಳಿನಿಂದ ಸವರಿದ. “ಅಂಟು ಗಟ್ಟಿ ಐತಿ. ಅವನೇ ಹಚ್ಚಿದ್ದು. ಮೊದಲಿಗೆ ಸಾಕ್ಷಿ ಮಂದಿ ಸಹಿ ಹಾಕಿ ಎದ್ದು ಹೋದ್ರು. ನೀ ಸಹಿ ಮಾಡಿದಾಕಿ ಬಸ್ಸಿಗೆ ಓಡಿದಿ. ನಾ ಚಾ ತರಾಕ ಒಳಗ ಹೋಗಿದ್ದೆ. ಬರೂದ್ರಾಗ ನೂಲಿಗೆ ಹಚ್ಚೂ ಗಂಜಿಲೆ ಲಕೋಟಿ ಮುಚ್ಚಿ ಕುಂತಿದ್ದ. ಚಾ ಮುಟ್ಟಲಿಲ್ಲ.”

“ಅವಗೂ ಅವಸರ ಇತ್ತು ಅಂದಂಗಾತು,” ಎಂದಳು ಉಜ್ವಲಾ.

ಅಮಸಿದ್ದಪ್ಪ ಲಕೋಟೆಯನ್ನು ಅವಳ ಕೈಗಿಟ್ಟ.

ದಾರಿಯಲ್ಲಿ ಅವಳು ಅದನ್ನು ಒಡೆಯಲಿಲ್ಲ. ಒಳಗೇನಿದೆ ಎಂದು ಗೊತ್ತಿದ್ದ ಕಾಗದ, ಅದರಲ್ಲಿ ನೋಡುವುದೇನು? ಕಿಟ್ಟೂರು ರಾಣಿಯಂತೆ ಬಂದು ಪ್ರೇಮಕುಮಾರನ ಮೇಜಿನ ಮೇಲೆ ಇಟ್ಟಳು. ಅವನು ಕತ್ತರಿಯಿಂದ ಅಂಚು ಕತ್ತರಿಸಿದ, ಕಾಗದವನ್ನು ಸ್ಕ್ಯಾನರಿನ ಮೇಲೆ ಹಾಸಿದ, ಮತ್ತೆ ಎತ್ತಿದ.

“ಅಕ್ಕಾರ, ಇದು ನಡೆಯಂಗಿಲ್ಲರಿ.”

“ಯಾಕ? ಹಿರಿಯರ ಕಾಗದ ನಡೀತೈತಿ ಅಂದಾರಲ್ಲ.”

ಅವನು ಕಾಗದವನ್ನು ಅವಳ ಕಡೆ ತಿರುಗಿಸಿದ. ಎಡಕ್ಕೆ ಅವಳ ಸಹಿ ಇತ್ತು, ಅವಸರದ್ದು. ಕೆಳಗೆ ಇಬ್ಬರು ಸಾಕ್ಷಿಗಳದ್ದು. ಬಲಕ್ಕೆ ‘ಮಲಕಾಜಪ್ಪ’ ಎಂದು ಬರೆದಿತ್ತು. ಅದರ ಮೇಲಿನ ಸಹಿಯ ಜಾಗ ಖಾಲಿ ಇತ್ತು.

ಉಜ್ವಲಾ ತನ್ನ ಬರಿಗೈಗಳನ್ನು ನೋಡಿಕೊಂಡಳು. ಅವಳಿಗೆ ಅಳು ಬಂತು, ಎರಡು ವರ್ಷ ತಡವಾಗಿ. ಸೆರಗಿನಿಂದ ಮುಖ ಒರೆಸಿಕೊಳ್ಳುವ ತನಕ ಪ್ರೇಮಕುಮಾರ ಪರದೆಯನ್ನೇ ನೋಡುತ್ತ ಕೂತ.

“ಕಡೇ ಚೌಕಕ್ಕ ಒತ್ತು, ತಮ್ಮಾ,” ಎಂದಳು. “ಮರಣ ಪತ್ರ ನಮ್ಮ ಅತ್ತಿ ಕಡೆ ಐತಿ, ಇಸ್ಕೊಂಡು ಬರ್ತೇನಿ.”