ಮೈ ಕೊಡವದ ಮರಿ

ಅರಿಶಿನದ ನೀರನ್ನು ಮತ್ತೆ ಮತ್ತೆ ಹಾಕಿದರೂ ಹರಕೆಯ ಕುರಿಮರಿ ಮೈ ಕೊಡವಲಿಲ್ಲ. ಕೊರಳಲ್ಲಿ ಬೇವಿನ ಸರ ಹೊತ್ತು ಊರಮ್ಮನ ಗುಡಿಯ ಮುಂದೆ ಕಲ್ಲಾಗಿ ನಿಂತಿತ್ತು. ಕೊಡವಿದರೆ ಮರಿ ಹೂಂ ಅಂದಂತೆ, ಅಮ್ಮ ಒಪ್ಪಿದಂತೆ. ಕೊಡವದ ಮರಿಗೆ ಕತ್ತಿ ಮುಟ್ಟಿಸುವಂತಿಲ್ಲ. ಕುರಿ ಕಾಯುವ ಸೂರಪ್ಪನ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇದೇ ಕಟ್ಟಳೆ.

"ಮನ್ಯಾಗ ಯಾರದೋ ಮನಸ್ಸು ಮುರದೈತಿ," ಎಂದ ಸೂರಪ್ಪ, ಕತ್ತಿ ಕೆಳಗಿಟ್ಟು.

ಯಾರದೆಂದು ಹೆಂಡತಿ ಮೈಲಾರಮ್ಮ ಕೇಳಲಿಲ್ಲ. ಚೊಂಬು ಹಿಡಿದು, ಹುಣಸೆಮರದ ಕೆಳಗೆ ಕೂಸನ್ನೆತ್ತಿಕೊಂಡು ನಿಂತಿದ್ದ ಮಗಳ ಬಳಿ ಬಂದಳು. ಕೃಷ್ಣವೇಣಿ ರಾಯದುರ್ಗಕ್ಕೆ ಮದುವೆಯಾಗಿ ಹೋದ ಮೇಲೆ ಗಂಡನ ಜೊತೆ ಚರ್ಚಿಗೆ ನಡೆದುಕೊಂಡವಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಮೈಲಾರಮ್ಮ ಹೊತ್ತ ಹರಕೆ ಇದು. ತಪ್ಪಿದರೆ ಕೂಸಿಗೆ ಏನಾದೀತೋ ಎಂಬ ಹೆದರಿಕೆ ಆಕೆಯ ಜೀವ ತಿನ್ನುತ್ತಿತ್ತು.

"ನೀನೂ ಒಂದೀಟು ನೀರು ಹಾಕವ್ವ. ನಿನ್ನ ಕೂಸಿನ ಸಲುವಾಗಿ."

"ಒಲ್ಲೆ ಅಮ್ಮ. ನಮಗಾಗಿ ಒಂದು ಮರಿ ಆಗ್ಲೇ ಸತ್ತೈತಿ. ಯೇಸುನ್ನ ನಾವು ದೇವರ ಕುರಿಮರಿ ಅಂತೀವಿ."

"ಹರಕಿ ಮರೀನಾ? ಕೊಟ್ಟೋರು ಯಾರು?"

"ನಾವಲ್ಲ. ದೇವರೇ ತನ್ನ ಮಗನ್ನ ಕೊಟ್ಟ."

ಕೊಡುವುದು ಮನುಷ್ಯರ ಪಾಲು, ತೆಗೆದುಕೊಳ್ಳುವುದು ದೇವರ ಪಾಲು ಎಂದೇ ಬದುಕಿದವಳು ಮೈಲಾರಮ್ಮ. ಆದರೂ ಹೆಣ್ಣು ಕೊಟ್ಟ ಮನೆಯ ದೇವರನ್ನು ಹಗುರ ಮಾಡಲು ಮನಸ್ಸು ಬರಲಿಲ್ಲ. ಕುರಿಗಾರರ ಮಗಳು ಕೇಳಬೇಕಾದ್ದನ್ನಷ್ಟೇ ಕೇಳಿದಳು.

"ಆ ಮರಿ ಮೈ ಕೊಡವಿತ್ತಾ?"

ಚರ್ಚಿನಲ್ಲಿ ಕೃಷ್ಣವೇಣಿಯನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

"ಸಾಯೋ ಹಿಂದಿನ ರಾತ್ರಿ ಯೇಸು ಒಬ್ಬನೇ ಕುಂತು ಒದ್ದಾಡಿದನಮ್ಮ. ಈ ಸಾವು ನನಗ ತಪ್ಪಲಿ ಅಂತ ದೇವರನ್ನ ಬೇಡ್ಕೊಂಡ. ಬೆವರು ರಕ್ತದಂಗ ಇಳೀತಂತ. ಆಮ್ಯಾಲ, ನಿನ್ನ ಮನಸ್ಸಿನಂಗ ಆಗ್ಲಿ ಅಂದ."

"ತಾನಾಗೇ ಅಂದ?"

"ತಾನಾಗೇ."

ಮೈಲಾರಮ್ಮ ನಿದ್ದೆಯಲ್ಲಿದ್ದ ಕೂಸಿನ ಕೆನ್ನೆ ಮುಟ್ಟಿ ನೋಡಿದಳು. ಚೊಂಬಿನ ನೀರನ್ನು ಮರದ ಬುಡಕ್ಕೆ ಚೆಲ್ಲಿ ಗುಡಿಯ ಮುಂದೆ ಬಂದು ಕೈ ಮುಗಿದಳು.

"ನನ್ನ ಮರಿ ಇನ್ನಾ ಹೂಂ ಅಂದಿಲ್ಲ ತಾಯಿ. ಅನ್ನೋ ತನಕ ನಿನ್ನ ಹೆಸರಿನ್ಯಾಗ ನಮ್ಮ ಹಟ್ಟ್ಯಾಗ ಇರ್ಲಿ."

ಸೂರಪ್ಪ ಏನೋ ಅನ್ನುವಷ್ಟರಲ್ಲಿ ಗಾಳಿ ಬೀಸಿತು. ಮರಿಯ ತೊಗಲು ಸಣ್ಣಗೆ ಅದುರಿತು. ಮೈಲಾರಮ್ಮ ದಡಕ್ಕನೆ ಕುಕ್ಕರಿಸಿ, ಅದು ಮೈ ಕೊಡವುವ ಮೊದಲೇ ಸೆರಗಿನಿಂದ ಬೆನ್ನಿನ ನೀರನ್ನು ಗಸಗಸ ಒರೆಸತೊಡಗಿದಳು.