ಏಳನೆಯ ತೊಟ್ಟಿಲು

“ಎಲ್ಲಾನೂ ಇಳಿಸಿ,” ಎಂದ ಕುಬಾತ್.

ಮಸ್ತೂರಾ ವ್ಯಾನಿನ ಹಿಂಬಾಗಿಲು ತೆರೆದಳು. ಗಂಡ ತೀರಿಕೊಂಡ ವರ್ಷದಿಂದ ಅವಳು ತನ್ನ ಹಳೆಯ ವ್ಯಾನಿನಲ್ಲಿ ಈ ಗಡಿ ದಾಟಿ ತೊಟ್ಟಿಲು ಮಾರುತ್ತಿದ್ದಳು. ಉಜ್ಬೆಕ್ ಬಡಗಿಗಳು ಮಾಡಿದ ಬಣ್ಣದ ತೊಟ್ಟಿಲುಗಳು ಆಚೆ ಕಿರ್ಗಿಜ್ ಕಡೆಯ ಓಶ್ ಪೇಟೆಯಲ್ಲಿ ಇಳಿಸಿದ ದಿನವೇ ಖಾಲಿಯಾಗುತ್ತಿದ್ದವು. ತನ್ನ ದೇಶದ ಗೇಟಿನವರು ಎಣಿಸಿ, ಹೋಗಿ ಬನ್ನಿ ಅನ್ನುತ್ತಿದ್ದರು. ಇವತ್ತೂ ಹಾಗೆಯೇ ಬಿಟ್ಟಿದ್ದರು. ಗಡಿ ಸೇತುವೆಯ ಈ ಕಿರ್ಗಿಜ್ ತುದಿಯ ಸುಂಕದ ಅಧಿಕಾರಿ ಕುಬಾತ್ ಹಾಗಲ್ಲ. ನಗುವನ್ನೂ ಸುಂಕ ಕಟ್ಟಿಸಿಕೊಂಡೇ ಒಳಗೆ ಬಿಡುವ ಆಸಾಮಿ.

ಹೋದ ತಿಂಗಳು ಅವಳ ಮಗಳು ಸನೋಬರಳನ್ನು ಇದೇ ಗೇಟಿನಲ್ಲಿ ತಡೆದವನು ಇವನೇ. ಅವಳು ತವರಿನಿಂದ ಓಶ್‌ಗೆ, ಗಂಡನ ಮನೆಗೆ ಹೊರಟಿದ್ದಳು. “ನೀವು ಹೋಗ್ಬಹುದು. ಇದಕ್ಕೆ ಕಾಗದ ಇಲ್ಲ, ಇದನ್ನ ಬಿಡಕ್ಕಾಗಲ್ಲ,” ಎಂದಿದ್ದ. ಅಲ್ಲಿ ಗಂಡ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದ, ಇವಳು ನಿಲ್ಲುವಂತಿರಲಿಲ್ಲ. ತಂದದ್ದನ್ನು ಜೊತೆಗೆ ಬಂದಿದ್ದ ತಾಯಿಯ ಕೈಗಿತ್ತು, ಬರಿಗೈಲಿ ಗೇಟು ದಾಟಿದ್ದಳು. ಅಂದಿನಿಂದ ದಿನಾ ಫೋನು, ದಿನಾ ಅಳು. ಕಚೇರಿಗಳಿಗೆ ಅಲೆದು ಮಸ್ತೂರಾಳ ಚಪ್ಪಲಿ ಸವೆಯಿತೇ ಹೊರತು ಕಾಗದ ಸಿಗಲಿಲ್ಲ. ಕೊನೆಗೆ ಗಟ್ಟಿ ಮನಸ್ಸು ಮಾಡಿ, ಏಳು ತೊಟ್ಟಿಲುಗಳಲ್ಲಿ ಒಂದರೊಳಗೆ ಅದನ್ನು ಅಡಗಿಸಿಕೊಂಡು ತಾನೇ ಹೊರಟಿದ್ದಳು.

ಸಿಕ್ಕಿಬಿದ್ದರೆ ವ್ಯಾನು ಹೋಗುತ್ತದೆ, ವ್ಯಾಪಾರ ಹೋಗುತ್ತದೆ, ಜೈಲೂ ಆದೀತು. ಅದೆಲ್ಲ ಹಾಳಾಗಲಿ, ಸನೋಬರಳ ಕೈ ಬರಿದಾಗಿಯೇ ಉಳಿಯುತ್ತದೆ. ಬೇಗ ದಾಟಬೇಕು. ತಡವಾದರೆ ಗುಟ್ಟು ತಾನಾಗಿಯೇ ರಟ್ಟಾಗುವಂಥದ್ದು.

“ಏನಕ್ಕಾ, ವಾರ ವಾರ ಇಷ್ಟೊಂದು ತೊಟ್ಟಿಲು!” ಹಿಂದಿನ ಟೊಮೇಟೊ ಲಾರಿಯವನು ಕೂಗಿದ. “ಆ ಕಡೆ ಗಂಡಸ್ರಿಗೆ ಬೇರೆ ಕೆಲಸ ಇಲ್ವಾ?”

“ನಿನ್ನ ಹಾಗೆ ಸಾಲಲ್ಲಿ ನಿಂತು ಮುದುಕ ಆಗ್ತಾ ಇಲ್ಲಪ್ಪ ಅವ್ರು,” ಎಂದಳು ಮಸ್ತೂರಾ. ಮಾತು ಎಂದಿನದೇ, ಕಣ್ಣು ಮಾತ್ರ ಕುಬಾತ್‌ನ ಮೇಲಿತ್ತು.

ಅವತ್ತು ಕುಬಾತ್ ಒಬ್ಬನೇ ಇರಲಿಲ್ಲ. ರಾಜಧಾನಿಯಿಂದ ತಪಾಸಣೆಗೆ ಬಂದ ಮೇಲಿನ ಸಾಹೇಬ ಪಕ್ಕದಲ್ಲೇ ನಿಂತಿದ್ದ. ಗಳಿಗೆಗೊಮ್ಮೆ ಮನೆಗೆ ಫೋನು ಮಾಡಿ, “ನೋವು ಶುರುವಾಯ್ತಾ?” ಎಂದು ಹೆಂಡತಿಯನ್ನು ಕೇಳುತ್ತಿದ್ದ. ತೊಟ್ಟಿಲುಗಳಲ್ಲಿ ಯಾರೋ ಅಫೀಮು ಸಾಗಿಸುತ್ತಿದ್ದಾರೆಂದು ಅವನ ಕಿವಿಗೆ ಬಿದ್ದಿತ್ತು. ಅವನ ಕಣ್ಣೆದುರೇ ಕುಬಾತ್ ಒಂದೊಂದು ತೊಟ್ಟಿಲನ್ನೂ ತಲೆಕೆಳಗು ಮಾಡಿದ, ಬಡಿದ, ಮಗುವಿನ ಉಚ್ಚೆ ಹರಿಯಲೆಂದು ಅಡಿಹಲಗೆಯಲ್ಲಿ ಬಿಟ್ಟ ತೂತಿಗೆ ಕೈ ಹಾಕಿ ತಡಕಿದ. ಆರರಲ್ಲೂ ಏನೂ ಇರಲಿಲ್ಲ.

ಏಳನೆಯದು ವ್ಯಾನಿನೊಳಗೇ, ಡ್ರೈವರ್ ಸೀಟಿನ ಹಿಂದೆ ಇತ್ತು. ಅದರ ಮೇಲೆ ನೇರಳೆ ಮಖಮಲ್ಲಿನ ಹೊದಿಕೆ ನೆಲದವರೆಗೂ ಇಳಿಬಿದ್ದಿತ್ತು.

“ಇದೇನು?” ಎಂದ ಸಾಹೇಬ.

“ಮಾರೋದಲ್ಲ ಸಾಹೇಬ್ರೇ. ಮಗಳಿಗೆ ತವರಿನ ಉಡುಗೊರೆ. ಶಾಸ್ತ್ರದ ದಿನ ಮನೆಯ ಹಿರಿಹೆಂಗಸೇ ಆ ಹೊದಿಕೆ ತೆಗೀಬೇಕು.”

“ಮಗಳಿಗೆ ಮಗು ಆಗಿದೆಯಾ?”

ಮಸ್ತೂರಾ ಹೊದಿಕೆಯ ಅಂಚು ಸರಿಮಾಡಿದಳು. “ಇನ್ನೂ ಇಲ್ಲ. ದೇವ್ರು ಕೊಟ್ಟಾಗ ಆಗುತ್ತೆ.”

ಕುಬಾತ್ ತಟ್ಟನೆ ತಲೆಯೆತ್ತಿ ಅವಳನ್ನೇ ನೋಡಿದ. ಕಥೆ ಮುಗಿಯಿತು ಅಂದುಕೊಂಡಳು ಮಸ್ತೂರಾ. ಈ ಮನುಷ್ಯ ಏನನ್ನೂ ಮರೆತಿಲ್ಲ.

“ಕೈ ಹಾಕಿ ನೋಡಯ್ಯಾ,” ಎಂದ ಸಾಹೇಬ.

ಕುಬಾತ್ ವ್ಯಾನಿನೊಳಗೆ ಬಗ್ಗಿ, ಹೊದಿಕೆಯ ಅಡಿಗೆ ಮೊಳಕೈವರೆಗೂ ಕೈ ತೂರಿಸಿದ. ತೂರಿಸಿದ ಕೈ ಅಲ್ಲೇ ನಿಂತಿತು. ಅವನ ಕಿವಿ ಕೆಂಪಗಾಯಿತು. ಮಸ್ತೂರಾ ಕಣ್ಣು ಮುಚ್ಚಿಕೊಂಡು, ಬಾಯಿಗೆ ಬಂದ ಪ್ರಾರ್ಥನೆಗಳನ್ನೆಲ್ಲ ಒಂದಕ್ಕೊಂದು ಬೆರೆಸಿ ಹೇಳಿಕೊಂಡಳು.

“ಏನು, ಸಿಕ್ತಾ?”

“ಕೈ ಸಿಕ್ಕಿಕೊಂಡಿದೆ ಸಾಹೇಬ್ರೇ.” ಕುಬಾತ್ ಇನ್ನೊಂದು ಕೈಯನ್ನೂ ಒಳಗೆ ಹಾಕಿ, ಮುಳ್ಳಿಗೆ ಸಿಕ್ಕಿದ ಬಟ್ಟೆ ಬಿಡಿಸುವವನಂತೆ ನಿಧಾನವಾಗಿ ಬಿಡಿಸಿಕೊಂಡ. ನೆಟ್ಟಗೆ ನಿಂತು, “ಖಾಲಿ,” ಎಂದ.

ಮಸ್ತೂರಾ ಕಣ್ಣು ಬಿಟ್ಟಳು. ಸಮಾಧಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಆಟ ಆಡಿಸುತ್ತಿದ್ದಾನೆ. ಸಾಹೇಬನ ಪಾಲು ತಪ್ಪಿಸಿ, ಆಮೇಲೆ ಒಬ್ಬನೇ ಹಿಂಡುತ್ತಾನೆ.

ಸಾಹೇಬನಿಗೂ ನಂಬಿಕೆ ಬರಲಿಲ್ಲ. “ಜೋರಾಗಿ ತೂಗಿ ನೋಡೋಣ. ಒಳಗೇನಾದ್ರೂ ಇದ್ರೆ ಸದ್ದು ಮಾಡುತ್ತೆ,” ಎಂದು ತಾನೇ ತೊಟ್ಟಿಲಿಗೆ ಕೈ ಚಾಚಿದ.

“ತೂಗ್ಬೇಡಿ ಸಾಹೇಬ್ರೇ!” ಕುಬಾತ್ ಅಡ್ಡ ಬಂದ. “ಖಾಲಿ ತೊಟ್ಟಿಲು ತೂಗಿದ್ರೆ ಹುಟ್ಟೋ ಮಗೂಗೆ ಕೇಡು ಅಂತಾರೆ. ನಿಮ್ಮ ಮನೇಲಿ ತುಂಬು ಬಸುರಿ ಇದಾರೆ.”

“ಸಮವಸ್ತ್ರ ಹಾಕ್ಕೊಂಡು ಅಜ್ಜಿ ಮಾತಾಡ್ತೀಯಲ್ಲಯ್ಯಾ! ಇದನ್ನೆಲ್ಲ ನಂಬ್ತಾರಾ?” ಎಂದು ಸಾಹೇಬ ಗದರಿದ. ಚಾಚಿದ ಕೈ ಮಾತ್ರ ಮೆಲ್ಲಗೆ ಜೇಬು ಸೇರಿತು. ಅಲ್ಲಿಂದ ಫೋನು ತೆಗೆದು ಕಿವಿಗಿಟ್ಟುಕೊಂಡು ಟೊಮೇಟೊ ಲಾರಿಯ ಕಡೆ ನಡೆದ.

ಆರು ತೊಟ್ಟಿಲುಗಳೂ ಮತ್ತೆ ವ್ಯಾನು ಹತ್ತಿದವು. ಗೇಟಿನ ಕಂಬ ಮೇಲೆದ್ದಿತು. ಮಸ್ತೂರಾ ಗೇರು ಹಾಕುವಷ್ಟರಲ್ಲಿ ಕುಬಾತ್ ಬಂದು ಕಿಟಕಿಗೆ ಒರಗಿದ. ಎಷ್ಟು ಕೇಳುತ್ತಾನೋ ಏನೋ ಎಂದು ಅವಳು ಸೊಂಟದ ಚೀಲಕ್ಕೆ ಕೈ ಹಾಕಿದಳು. ಅವನು ಬೇಡವೆಂದು ತಲೆಯಾಡಿಸಿ, ಹಿಂದಕ್ಕೊಮ್ಮೆ ನೋಡಿ ದನಿ ತಗ್ಗಿಸಿದ.

“ಆ ತಿರುವು ದಾಟಿದ ಮೇಲೆ ನಿಲ್ಲಿಸಿ, ಸ್ವಲ್ಪ ತೂಗಿ ಅಕ್ಕಾ. ನನ್ನ ಬೆರಳು ಬಿಟ್ಟಾಗಿಂದ ಎಚ್ಚರವಾಗೇ ಇದಾನೆ ನಿಮ್ಮ ಮೊಮ್ಮಗ.”