ಶಿಳ್ಳೆ ಸತ್ತ ಮೇಲೆ

ಶಿಳ್ಳೆ ಸಾಯಲೊಲ್ಲದು. ಸುಪ್ರಿತಾ ತಾನೇ ಕಟ್ಟಿದ ರೇಡಿಯೊ ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಕೀರಲು ದನಿ ಇಳಿಯಿತು, ಗೊರಕೆಯಾಯಿತು, ಮತ್ತೆ ಏರಿತು.

ಜಗಲಿಯ ಮೆಟ್ಟಿಲಲ್ಲಿ ಚನಿಯಪ್ಪ ಕಾಯುತ್ತಿದ್ದ. ರಬ್ಬರ್ ಹಾಲು ತೆಗೆಯುವವನು. ಬೆಳಕು ಹರಿಯುವ ಮೊದಲೇ ತೋಟಕ್ಕಿಳಿಯಬೇಕು. ಇಳಿಯಲೋ ಬೇಡವೋ ಎಂದು ಹಿಂದಿನ ಸಂಜೆ ಸುಪ್ರಿತಾಳ ಬಾಯಿಂದ ಕೇಳಿಕೊಂಡು ಹೋಗಬೇಕು. ಹೋದ ವರ್ಷ ಅವನ ಅಣ್ಣ ಯಾರನ್ನೂ ಕೇಳದೆ ಇಳಿದಿದ್ದ. ಒಂಟಿ ಸಲಗ ಅವನನ್ನು ಮರದ ಬುಡದಲ್ಲೇ ಮುಗಿಸಿತ್ತು.

ಆಮೇಲೆ ಆ ಸಲಗವನ್ನು ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಕಾಡಿಗೆ ಬಿಟ್ಟರು. ಪಟ್ಟಿ ಟಿಕ್ ಟಿಕ್ ಎನ್ನುತ್ತದೆ. ಅದನ್ನು ಕೇಳುವ ಯಂತ್ರ ಊರಲ್ಲಿರಲಿಲ್ಲ. ಸುಪ್ರಿತಾಳ ಗಂಡ ಯತಿನ್ ಕಾಡು ಕಾಯುವ ಕೆಲಸದವನು. ಪಟ್ಟಿಯ ಫ್ರೀಕ್ವೆನ್ಸಿ ಅವನು ಹೇಳಿದ, ಯಂತ್ರವನ್ನು ಇವಳು ಕಟ್ಟಿದಳು.

ಕಟ್ಟಿದ ಪೆಟ್ಟಿಗೆಯ ಫ್ರೀಕ್ವೆನ್ಸಿ ಮೊದಮೊದಲು ಗೂಟ ಕಿತ್ತ ದನದ ಹಾಗೆ ಅಲೆಯುತ್ತಿತ್ತು. ಹಗಲಿನ ಸೆಕೆಗೆ ಒಂದು ಕಡೆ, ಸಂಜೆಯ ತಂಪಿಗೆ ಇನ್ನೊಂದು ಕಡೆ. ಹಾಗೆ ಜಾರಿದ ಪೆಟ್ಟಿಗೆಗೆ ಆನೆ ಹಿತ್ತಿಲಲ್ಲೇ ನಿಂತರೂ ಕೇಳುವುದಿಲ್ಲ. ಗೂಟ ಬೇಕಿತ್ತು. ಮನೆಯ ರೇಡಿಯೊಗೆ ಸಿಗುವ ನಿಲಯವನ್ನೇ ಗೂಟ ಮಾಡಿಕೊಂಡಳು. ವಾರ್ತೆ ಓದಲಿ, ಹಾಡು ಹಾಕಲಿ, ನಿಲಯದ ಅಲೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಪೆಟ್ಟಿಗೆಯ ಅಲೆ ಅದಕ್ಕೆ ಹೊಂದದಿದ್ದರೆ ಎರಡೂ ತಾಗಿ ಶಿಳ್ಳೆ ಹೊಡೆಯುತ್ತವೆ. ಹೊಂದಿದ ಕ್ಷಣ ಶಿಳ್ಳೆ ಸಾಯುತ್ತದೆ. ಅಲ್ಲಿಂದ ಗುಂಡಿಯ ಗೆರೆಗಳನ್ನು ಅಳೆದುಕೊಂಡು ಹೋದರೆ ಆನೆಯ ಟಿಕ್.

ಅಜ್ಜಿಯ ಕಥೆಯ ರಾಕ್ಷಸನ ಪ್ರಾಣ ಏಳು ಕಡಲಿನಾಚೆ ಒಂದು ಗಿಣಿಯಲ್ಲಿತ್ತು. ಗಿಣಿ ಸಿಕ್ಕಿದರೆ ರಾಕ್ಷಸ ಸಿಕ್ಕಿದ ಹಾಗೆ ಎನ್ನುತ್ತಿದ್ದಳು ಅಜ್ಜಿ. ಸುಪ್ರಿತಾಳ ಗಿಣಿ ಮಳೆಗಾಲ ಕಳೆದಂದಿನಿಂದ ಗುಂಡ್ಯ ಕಡೆಯ ಹಳ್ಳದಲ್ಲೇ ಕೂತು ಟಿಕ್ ಎನ್ನುತ್ತಿತ್ತು. ಅಲ್ಲಿ ನೀರುಂಟು, ತಿನ್ನಲು ಬೈನೆ ಮರ ಉಂಟು, ಸಲಗಕ್ಕೆ ಮತ್ತೆಂತ ಬೇಕು ಎಂದು ಊರು ನೆಮ್ಮದಿಯಾಗಿತ್ತು.

ನಿನ್ನೆ ಬೆಳಿಗ್ಗೆವರೆಗೆ. ನಿನ್ನೆ ನೆರೆಮನೆಯ ರುಖಿಯಮ್ಮನ ಬಾಳೆಗಳು ನೆಲಕ್ಕೊರಗಿದ್ದವು. ಸುಪ್ರಿತಾ ಹಂದಿ ಎಂದಿದ್ದಳು. ಅದಕ್ಕೇ ಈಗ ರುಖಿಯಮ್ಮನೂ ಜಗಲಿಗೆ ಬಂದು ಕೂತಿದ್ದಳು.

"ಹಂದಿಗೆ ಗೊನೆ ಎಟಕುದು ಹೇಗೆ ಮಾರಾಯ್ತಿ? ಏಣಿ ಇಟ್ಟು ಹತ್ತಿತಾ?"

ಪೆಟ್ಟಿಗೆ ಜಾರಿರಬಹುದೇ ಎಂದು ಸುಪ್ರಿತಾಳಿಗೂ ಅನುಮಾನ. ಮತ್ತೆ ಗುಂಡಿ ತಿರುಗಿಸಿದಳು. ಶಿಳ್ಳೆ ಇಳಿಯಿತು, ಗೊರಕೆಯಾಯಿತು, ನಿಧಾನದ ಮಿಡಿತವಾಯಿತು, ಸತ್ತಿತು. ಸಾಲದೆಂದು ಎಲ್ಲವನ್ನೂ ಆರಿಸಿ ಮೊದಲಿನಿಂದ ಮಾಡಿದಳು. ಮತ್ತೆ ಸತ್ತಿತು. ಹಳೆ ಕೊಡೆಯ ಕಡ್ಡಿಗಳಿಂದ ಮಾಡಿದ ಆಂಟೆನಾ ಎತ್ತಿ ಸುತ್ತ ತಿರುಗಿಸಿದಳು. ಟಿಕ್. ಅದೇ ಹಳ್ಳ.

"ಪೆಟ್ಟಿಗೆ ಸರಿ ಉಂಟು ಚನಿಯಪ್ಪಣ್ಣ. ಅವ ಅಲ್ಲೇ ಇದ್ದಾನೆ. ನಾಳೆ ಹೋಗಿ."

ನಿನ್ನ ಪೆಟ್ಟಿಗೆ ಹೇಳಿದ ಮೇಲೆ ದೈವದ ಹತ್ತಿರ ಕೇಳುವುದು ಎಂತದೂ ಬಾಕಿ ಇಲ್ಲ ಎಂದು ಚನಿಯಪ್ಪ ನಕ್ಕ. ಫೋನನ್ನು ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ ಚಾ ಲೋಟ ಕೈಗೆತ್ತಿಕೊಂಡ.

ಲೋಟ ಬರಿದಾಗುವ ಹೊತ್ತಿಗೆ ಟಿಕ್ ಜೋರಾಗಿತ್ತು.

ಸುಪ್ರಿತಾ ಆಂಟೆನಾ ತಿರುಗಿಸಿದಳು. ಸದ್ದು ಹಳ್ಳದಿಂದಲ್ಲ, ಹಳ್ಳದ ಮೇಲಿನ ರಸ್ತೆಯಿಂದ. ಸ್ವಲ್ಪ ಹೊತ್ತಿಗೆ ತಿರುವಿನಿಂದ. ಆನೆಯ ನಡಿಗೆಯಷ್ಟೇ ನಿಧಾನವಾಗಿ, ಇತ್ತಲೇ. ಯತಿನ್‌ಗೆ ಫೋನ್ ಮಾಡಿದಳು. ಅವನಿಗೆ ಇಂದು ನೆಟ್ಟಣ ಕಡೆ ಡ್ಯೂಟಿ. ಕಾಡೊಳಗೆ ರೇಂಜ್ ಇಲ್ಲ.

ಒಳಗೆ ಬನ್ನಿ ಎಂದರೆ ಚನಿಯಪ್ಪ ಕೇಳಲಿಲ್ಲ. ಮನೆಯಲ್ಲಿ ಮಕ್ಕಳಿಬ್ಬರೇ, ಈಗ ಅಂಗಳದಲ್ಲೇ ಆಡುತ್ತಿರುತ್ತವೆ. ಅವನ ಮನೆಗೆ ಎರಡು ದಾರಿ. ಒಂದು, ಆನೆ ಬರುತ್ತಿರುವ ರಸ್ತೆ. ಇನ್ನೊಂದು, ರಬ್ಬರ್ ತೋಟ.

"ತೋಟದೊಳಗಿಂದ ಹೋಗಿ," ಎಂದಳು ಸುಪ್ರಿತಾ. "ಅಲ್ಲಿ ಎಂತದೂ ಇಲ್ಲ. ನಾನು ಹೇಳ್ತೇನಲ್ಲ."

"ನನ್ನ ಬಾಳೆ ಮುರಿದದ್ದು ತೋಟದ ಬದಿಯಿಂದಲೇ," ಎಂದು ರುಖಿಯಮ್ಮ ಗೊಣಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚನಿಯಪ್ಪ ಆಗಲೇ ಬೇಲಿ ದಾಟಿ, ರಬ್ಬರ್ ಮರಗಳ ಕಪ್ಪಿನೊಳಗೆ ಓಡಿಯಾಗಿತ್ತು.

ಬಾಗಿಲಿಗೆ ಅಗುಳಿ ಹಾಕಿ ಇಬ್ಬರೂ ಪೆಟ್ಟಿಗೆಯ ಮುಂದೆ ಕುಕ್ಕರಿಸಿದರು. ಬರುವುದು ಗೊತ್ತು, ಎಲ್ಲಿಂದ ಎಂದು ಗೊತ್ತು, ಎಷ್ಟು ಹತ್ತಿರ ಎಂದೂ ಗೊತ್ತು. ಗೊತ್ತಿದ್ದು ಮಾಡುವಂಥದ್ದು ಒಂದೂ ಇರಲಿಲ್ಲ. ಸುಪ್ರಿತಾ ಆಂಟೆನಾದ ತಂತಿ ಕಿತ್ತಳು. ಆದರೂ ಟಿಕ್, ಅಷ್ಟು ಹತ್ತಿರ. ಗೇಟಿನಲ್ಲಿ ಟಿಕ್. ಅಂಗಳದಲ್ಲಿ ಟಿಕ್. ಬಾಗಿಲ ಆಚೆ ಬಂದು ನಿಂತಿತು.

ನಿಂತು, ಬಾಗಿಲು ತಟ್ಟಿತು.

ರುಖಿಯಮ್ಮ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದಳು. "ಆನೆ ಬಾಗಿಲು ಬಡಿಯುದುಂಟಾ?"

ಹೊರಗೆ ಯತಿನ್ ನಗುತ್ತಾ ನಿಂತಿದ್ದ. ಎತ್ತಿನ ನೊಗದಷ್ಟು ಅಗಲದ, ಕೆಸರು ಮೆತ್ತಿದ ಪಟ್ಟಿಯೊಂದು ಅವನ ಹೆಗಲಿಂದ ಜೋತಾಡುತ್ತಿತ್ತು. ಅದರ ಸಂದಿಯಿಂದ ಯಾವುದೋ ಬಳ್ಳಿ ಚಿಗುರಿತ್ತು.

"ನಿನ್ನ ಆನೆ ಯಾಕೆ ಅಲ್ಲಾಡುದಿಲ್ಲ ಅಂತ ಬರುವಾಗ ಹಳ್ಳಕ್ಕೆ ಇಳಿದೆ. ಬಂಡೆ ಎಡೆಯಲ್ಲಿ ಇದೊಂದೇ ಇತ್ತು ಮಾರಾಯ್ತಿ. ಮಳೆಗಾಲದಲ್ಲೇ ಕಳಚಿ ಬಿದ್ದದ್ದು."

ಸುಪ್ರಿತಾ ಚನಿಯಪ್ಪನ ನಂಬರ್ ಒತ್ತಿದಳು. ಜಗಲಿಯ ಪ್ಲಗ್ಗಿನಲ್ಲಿ ಅವನ ಫೋನು ರಿಂಗಾಯಿತು.

ರಬ್ಬರ್ ತೋಟದೊಳಗೆ ಮರವೊಂದು ಲಟಲಟನೆ ಮುರಿಯಿತು.